ಹಳೆಯ ಗಾಡಿಯ ಪರೀಕ್ಷೆ



ನೀವು ಪ್ರೀತಿಯಿಂದ ಕೂಡಿಸಿಕೊಟ್ಟ ಮೂರು ಲಕ್ಷ ರೂಪಾಯಿಗಳಿಂದ ನಮ್ಮ ವಿದ್ಯಾರ್ಥಿನಿಲಯಕ್ಕೆ ಒಂದು ಮೋಟಾರು ಗಾಡಿಯನ್ನು ಕೊಂಡ ಸಂಗತಿಯು ನಿಮಗೆ ತಿಳಿದೇ ಇದೆ. ವಾರ್ಷಿಕೋತ್ಸವದ ದಿವಸ ಅದು ಹಲಸಿನ ಮರದ ಕೆಳಗೆ ನಿಂತಿರುವದನ್ನು ಕಂಡ ಕೆಲವರು, "ಟೀಚರ್, ಅಷ್ಟು ಹಣ ಕೂಡಿಸಿಕೊಟ್ಟರೂ ಇಂಥಾ ಬಣ್ಣ ಮಾಸಿದ ಗಾಡಿಯನ್ನೇ ತರಬೇಕಾಯಿತೇ?" ಎಂದು ನಗುತ್ತಾ ಕೇಳಿದರು. ಪ್ರಶ್ನೆಯು ನ್ಯಾಯವಾದದ್ದೇ. ಪರರ ಹಣವನ್ನು ವೆಚ್ಚಮಾಡಿದವರು ಲೆಕ್ಕವನ್ನು ಒಪ್ಪಿಸತಕ್ಕದ್ದು. ರೂಪಾಯಿಗಳ ಲೆಕ್ಕವನ್ನು ಕಮಿಟಿಯವರ ಮುಂದೆ ಇಟ್ಟಿದ್ದೇವೆ. ಆದರೆ ಆ ಪುಸ್ತಕದಲ್ಲಿ ಬರೆಯದ ಒಂದು ಬಾಬು ಉಳಿದಿದೆ. ಅದು ನಮ್ಮ ಸ್ವಂತ ತಪ್ಪಿನ ಬಾಬು. ಅದನ್ನೂ ಈ ಸಂಚಿಕೆಯಲ್ಲಿ ಬರೆದಿಡುವದು ಯುಕ್ತವೆಂದು ತೋಚಿತು. ಯಾಕಂದರೆ ನಿಮ್ಮಲ್ಲಿ ಅನೇಕರು ಇಂದಲ್ಲ ನಾಳೆ ಒಂದು ಹಳೆಯ ಗಾಡಿಯ ಮುಂದೆ ನಿಂತು ಕೊಳ್ಳಬೇಕೋ ಬೇಡವೋ ಎಂದು ಯೋಚಿಸುವವರೇ ಆಗಿದ್ದೀರಿ.

ಮೊದಲು ಗಾಡಿಯ ಅಗತ್ಯವು ಹೇಗುಂಟಾಯಿತೆಂಬದನ್ನು ಹೇಳುತ್ತೇವೆ. 2024ನೆಯ ಇಸವಿಯ ಜುಲೈ ತಿಂಗಳ ಒಂದು ರಾತ್ರಿ ಸುಮಾರು ಎರಡು ಗಂಟೆಗೆ ವಿದ್ಯಾರ್ಥಿನಿಲಯದ ಮೇಟ್ರನ್ನರು ನಮ್ಮನ್ನು ಎಬ್ಬಿಸಿದರು. ಎಂಟನೆಯ ತರಗತಿಯ ಒಬ್ಬ ಹುಡುಗಿ ಹೊಟ್ಟೆಯ ಬಲಭಾಗವನ್ನು ಹಿಡಿದುಕೊಂಡು ಹೊರಳಾಡುತ್ತಿದ್ದಳು. ಕರಾವಳಿಯ ಮಳೆಗಾಲವೆಂದರೆ ನಿಮಗೆ ಗೊತ್ತಲ್ಲವೇ. ಆ ರಾತ್ರಿ ಅಂಗಳವೇ ತೋಡಾಗಿ ಹರಿಯುತ್ತಿತ್ತು. ಆಂಬುಲೆನ್ಸು ಬೇರೊಂದು ಕಡೆಗೆ ಹೋಗಿತ್ತು. ರಿಕ್ಷಾದವರ ಫೋನುಗಳಿಗೆ ಉತ್ತರವಿಲ್ಲ. ಕೊನೆಗೆ ಬಂದರಿಗೆ ಹೊರಟಿದ್ದ ಒಂದು ಮೀನಿನ ಟೆಂಪೋವನ್ನು ಕಾವಲುಗಾರನು ರಸ್ತೆಗೆ ಅಡ್ಡ ನಿಂತು ತಡೆದನು. ಆ ಟೆಂಪೋದವನು ಒಂದು ಮಾತನ್ನೂ ಆಡದೆ ಬುಟ್ಟಿಗಳನ್ನು ಇಳಿಸಿ ಮಗುವನ್ನು ಮಲಗಿಸಲು ಸ್ಥಳಮಾಡಿದನು. ಬೆಳಗಾಗುವದರೊಳಗೆ ಅವಳಿಗೆ ಅಪೆಂಡಿಕ್ಸಿನ ಶಸ್ತ್ರಚಿಕಿತ್ಸೆಯಾಗಿ ಅವಳು ಉಳಿದಳು. ಇನ್ನೂ ತಡವಾಗಿದ್ದರೆ ಕಷ್ಟವಾಗುತ್ತಿತ್ತೆಂದು ಡಾಕ್ಟರರು ಹೇಳಿದರು. ಎಂಬತ್ತು ಹೆಣ್ಣು ಮಕ್ಕಳನ್ನು ಇಟ್ಟುಕೊಂಡಿರುವ ಮನೆಯಲ್ಲಿ ಆಪತ್ಕಾಲಕ್ಕೆ ಒಂದು ವಾಹನವಿಲ್ಲದೆ ಇರಬಾರದೆಂದು ಆ ದಿನವೇ ನಿಶ್ಚಯಿಸಿ ನಿಮಗೆ ಪತ್ರಗಳನ್ನು ಬರೆದೆವು. ಇದು ಮಕ್ಕಳನ್ನು ದಿನಾಲೂ ಶಾಲೆಗೆ ಕರೆತರುವ ವಾಹನವಲ್ಲವೆಂಬದನ್ನು ಪೋಷಕರು ಗಮನಿಸಬೇಕು. ಅಂಥಾ ವಾಹನಕ್ಕೆ ಹಳದಿ ಬಣ್ಣ, ಪರವಾನಗಿ ಮುಂತಾದ ಬೇರೆ ನಿಯಮಗಳುಂಟು.

ನಿಮ್ಮಿಂದ ಬಂದ ಹಣವು ನಮ್ಮ ನಿರೀಕ್ಷೆಗೆ ಮೀರಿದ್ದಾಗ್ಯೂ ಹೊಸ ಗಾಡಿಗೆ ಸಾಲದು. ಆದಕಾರಣ ಹಳೆಯ ಗಾಡಿಯನ್ನು ಹುಡುಕತೊಡಗಿದೆವು. ಅಕ್ಟೋಬರ್ ತಿಂಗಳಲ್ಲಿ ಪರಿಚಿತರೊಬ್ಬರು ಒಂದು ಬಿಳಿಯ ಗಾಡಿಯ ಚಿತ್ರವನ್ನು ನಮ್ಮ ಮೊಬೈಲ್ ಫೋನಿಗೆ ಕಳುಹಿಸಿದರು. ಏಳು ಮಂದಿ ಕೂಡ್ರಬಹುದು. ಹಿಂದಿನ ಆಸನವನ್ನು ಮಡಚಿದರೆ ರೋಗಿಯನ್ನು ಮಲಗಿಸಬಹುದು. 2017ನೆಯ ಇಸವಿಯದು, ಓಡಿದ್ದು ಕೇವಲ 38,000 ಕಿಲೋಮೀಟರು ಎಂದು ಹೇಳಿದರು. ಶಾಲೆಯ ಕೆಲಸ ಮುಗಿಸಿ ಸಂಜೆ ಆರು ಗಂಟೆಯ ಮೇಲೆ ನೋಡಲು ಹೋದೆವು. ಆಗತಾನೇ ಮಳೆ ಬಂದು ನಿಂತಿತ್ತು. ದೀಪದ ಬೆಳಕಿನಲ್ಲಿ ಒದ್ದೆಯಾದ ಗಾಡಿಯು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮಾರುವವರು ದೊಡ್ಡ ಮನೆತನದವರು. ಮನೆಯೊಳಗೆ ಕರೆದು ಕೂಡ್ರಿಸಿ, ಕಾಫಿ ತಿಂಡಿಗಳನ್ನು ಕೊಟ್ಟು, "ಶಾಲೆಗೆಂದು ಕೇಳುತ್ತಿದ್ದೀರಿ ಮೇಡಂ, ಇನ್ನೊಬ್ಬರಾದರೆ ಈ ಬೆಲೆಗೆ ಕೊಡುತ್ತಿರಲಿಲ್ಲ," ಎಂದರು.

ಗಾಡಿಯ ಕೆಳಗೆ ಒಮ್ಮೆ ಬಗ್ಗಿ ನೋಡೋಣವೇ ಎಂಬ ಯೋಚನೆಯು ಮನಸ್ಸಿಗೆ ಬಾರದೆ ಇರಲಿಲ್ಲ. ಆದರೆ ಒಬ್ಬರ ಮನೆಯಲ್ಲಿ ಕೂತು ಅವರ ಕಾಫಿಯನ್ನು ಕುಡಿದು, ಅನಂತರ ಅವರ ಮಾತನ್ನು ನಂಬದವರ ಹಾಗೆ ಅವರ ಗಾಡಿಯನ್ನು ಕೆದಕುವದು ಮರ್ಯಾದೆಯಲ್ಲವೆಂದು ತೋರಿತು. ಮೇಲಾಗಿ ಹೆಂಗಸರಾದ ನಮಗೆ ಇಂಜಿನ್ನಿನ ವಿಷಯ ಏನು ತಿಳಿದೀತು ಎಂಬ ಸಂಕೋಚವೂ ಇತ್ತು. ಒಳಗೆ ಕಟುವಾದ ಅತ್ತರಿನ ವಾಸನೆಯು ತುಂಬಿತ್ತು. ಅದನ್ನು ಶುಚಿತ್ವವೆಂದೇ ಎಣಿಸಿದೆವು. ಹತ್ತು ಸಾವಿರ ರೂಪಾಯಿಗಳನ್ನು ಮುಂಗಡ ಕೊಟ್ಟು, ರಸೀದಿಯನ್ನು ಸಹ ಕೇಳದೆ, ಸಂತೋಷದಿಂದ ಮನೆಗೆ ಬಂದೆವು.

ಇಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಪ್ರಸ್ತಾಪವನ್ನು ಮಾಡಬೇಕಾಗಿದೆ. ಹೆಸರನ್ನು ಬರೆಯಬಾರದೆಂದು ಆಕೆಯ ಅಪ್ಪಣೆ. 2012ರಲ್ಲಿ ಹತ್ತನೆಯ ತರಗತಿಯನ್ನು ಪಾಸುಮಾಡಿದ ಆಕೆ ಪಾಲಿಟೆಕ್ನಿಕ್ಕಿನಲ್ಲಿ ಆಟೋಮೊಬೈಲ್ ಡಿಪ್ಲೊಮಾ ಓದುವೆನೆಂದು ನಮ್ಮ ಬಳಿಗೆ ಬಂದಿದ್ದಳು. ಆ ಕಾಲದಲ್ಲಿ ನಾವು ವಿಜ್ಞಾನದ ಉಪಾಧ್ಯಾಯಿನಿಯಾಗಿದ್ದೆವು. ಗ್ಯಾರೇಜಿನ ಗಂಡಸರ ನಡುವೆ ನಿನಗೇನು ಕೆಲಸವೆಂದೂ, ಟೀಚರ್ ಟ್ರೈನಿಂಗ್ ಆದರೂ ನರ್ಸಿಂಗ್ ಆದರೂ ಮಾಡೆಂದೂ ಅವಳಿಗೂ ಅವಳ ತಾಯಿಗೂ ಬಹಳ ಬುದ್ಧಿ ಹೇಳಿದೆವು. ಅವಳು ತಲೆಬಾಗಿಸಿ ಎಲ್ಲವನ್ನೂ ಕೇಳಿಕೊಂಡಳು. ಬಳಿಕ ತನ್ನ ಇಷ್ಟದಂತೆಯೇ ಸೇರಿದಳು. ಈಗ ಒಂದು ವರ್ಕ್‌ಶಾಪಿನಲ್ಲಿ ಗಾಡಿಗಳ ತಪಾಸಣೆಯ ಜವಾಬ್ದಾರಿಯು ಆಕೆಯದಾಗಿದೆ. ನಿಧಿಗೆ ತನ್ನ ಪಾಲಿನ ಎರಡು ಸಾವಿರ ರೂಪಾಯಿಗಳನ್ನು ಕೊಡಲು ಬಂದವಳು, "ಟೀಚರ್, ಗಾಡಿಯನ್ನು ಯಾರು ನೋಡಿದರು?" ಎಂದು ಕೇಳಿದಳು. ನಾವೇ ನೋಡಿದೆವೆಂದು ಹೇಳಿದೆವು. ಯಾವ ಹೊತ್ತಿನಲ್ಲಿ, ಎಲ್ಲೆಲ್ಲಿ ನೋಡಿದಿರೆಂದು ಕೇಳಿ ತಿಳಿದುಕೊಂಡು, "ಹಾಗಾದರೆ ನೀವು ಬಣ್ಣವನ್ನು ನೋಡಿದ್ದೀರಿ ಟೀಚರ್. ಗಾಡಿಯನ್ನು ಇನ್ನೂ ನೋಡಬೇಕು," ಎಂದಳು.

ಅದು ಅವರನ್ನು ಅವಮಾನಿಸಿದ ಹಾಗಾಗದೇ ಎಂದು ನಾವು ಕೇಳಲು ಆಕೆ ಕೊಟ್ಟ ಉತ್ತರವು ಈಗಲೂ ನಮ್ಮ ಕಿವಿಯಲ್ಲಿದೆ. "ತಿಂಗಳಿಗೊಮ್ಮೆ ನಮಗೆ ಪರೀಕ್ಷೆ ಇಡುತ್ತಿದ್ದಿರಲ್ಲ ಟೀಚರ್, ನಾವು ಕಳ್ಳರೆಂದೇ?"

ನವೆಂಬರ್ ತಿಂಗಳ ಒಂದು ಶನಿವಾರ, ಬಿಸಿಲು ಚೆನ್ನಾಗಿ ಬಿದ್ದ ಮೇಲೆ, ನಾವಿಬ್ಬರೂ ಹೋದೆವು. ಆಕೆಯ ಕೈಚೀಲದಲ್ಲಿ ಒಂದು ಟಾರ್ಚು, ಬಟ್ಟೆ ಸುತ್ತಿದ ಚಿಕ್ಕ ಅಯಸ್ಕಾಂತ, ಹಳೆಯ ಪತ್ರಿಕೆಯ ಹಾಳೆಗಳು, ಒಂದು ನೋಟುಪುಸ್ತಕ ಇವಿಷ್ಟೇ ಇದ್ದವು. ನಾವು ಬರುವದಕ್ಕೆ ಮುಂಚೆ ಇಂಜಿನ್ನನ್ನು ಚಾಲೂ ಮಾಡಬಾರದೆಂದು ಮೊದಲೇ ಹೇಳಿಕಳುಹಿಸಿದ್ದಳು. ಹೋದೊಡನೆ ಬಾನೆಟ್ಟಿನ ಮೇಲೆ ಕೈಯಿಟ್ಟಳು, ಬಿಸಿಯಾಗಿತ್ತು. ತಣ್ಣಗಿರುವ ಇಂಜಿನ್ನು ಚಾಲೂ ಆಗುವಾಗಲೇ ತನ್ನ ಕಷ್ಟವನ್ನು ಹೇಳಿಕೊಳ್ಳುತ್ತದೆ. ಬಿಸಿಯಾದ ಮೇಲೆ ಅನೇಕ ದೋಷಗಳು ಸುಮ್ಮಗಾಗುತ್ತವೆ. "ಇದು ತಣಿಯುವ ತನಕ ಉಳಿದದ್ದನ್ನು ನೋಡೋಣ," ಎಂದು ಆಕೆ ಸಮಾಧಾನದಿಂದ ಕೆಲಸಕ್ಕೆ ತೊಡಗಿದಳು.

ಮೊದಲು ಮೈಯನ್ನು ನೋಡಿದಳು. ಗಾಡಿಯ ಎದುರಿಗೆ ನಿಲ್ಲದೆ ಒಂದು ಮೂಲೆಯಲ್ಲಿ ಕುಳಿತು ಅದರ ಪಕ್ಕವನ್ನು ಓರೆಯಾಗಿ ನೋಡಬೇಕಂತೆ. ಬಿಸಿಲಿನ ಪ್ರತಿಬಿಂಬವು ಎಲ್ಲಿ ಅಲೆಯ ಹಾಗೆ ಕದಲುತ್ತದೋ ಅಲ್ಲಿ ಟಿಂಕರಿಂಗ್ ಕೆಲಸವಾಗಿದೆಯೆಂದು ತಿಳಿಯಬಹುದು. ಅಂಥಾ ಸ್ಥಳದಲ್ಲಿ ಅಯಸ್ಕಾಂತವನ್ನು ಇಟ್ಟರೆ, ಒಳಗೆ ಉಕ್ಕಿನ ತಗಡಿದ್ದಲ್ಲಿ ಹಿಡಿಯುವದು, ದಪ್ಪವಾಗಿ ಪುಟ್ಟಿ ಮೆತ್ತಿದ್ದಲ್ಲಿ ಜಾರುವದು. ಬಾಗಿಲುಗಳ ಸಂದುಗಳು ಎರಡು ಪಕ್ಕದಲ್ಲಿಯೂ ಒಂದೇ ಅಗಲವಾಗಿವೆಯೇ, ಬಾನೆಟ್ಟಿನ ಬೋಲ್ಟುಗಳ ಮೇಲಣ ಬಣ್ಣವು ಸ್ಪಾನರಿನಿಂದ ಕಿತ್ತುಹೋಗಿದೆಯೇ, ಕಿಟಕಿಯ ರಬ್ಬರಿನ ಅಂಚಿಗೆ ಹೊಸ ಬಣ್ಣ ಸಿಡಿದಿದೆಯೇ ಎಂಬಿವುಗಳನ್ನು ಒಂದೊಂದಾಗಿ ಪರೀಕ್ಷಿಸಿ ಬರೆದುಕೊಂಡಳು. ಈ ಗಾಡಿಗೆ ಪೆಟ್ಟು ಬಿದ್ದ ಗುರುತು ಇರಲಿಲ್ಲ. ನಮಗೆ ಸ್ವಲ್ಪ ಧೈರ್ಯ ಬಂದಿತು.

ಆಮೇಲೆ ಒಳಗೆ ಕೂತಳು. ಕ್ಲಚ್ಚು ಬ್ರೇಕುಗಳ ಪೆಡಲಿನ ರಬ್ಬರನ್ನು ನಮಗೆ ತೋರಿಸಿದಳು. ಗೀರುಗಳೆಲ್ಲ ಸವೆದು ಹಾವಿನ ಹೊಟ್ಟೆಯ ಹಾಗೆ ನುಣ್ಣಗಾಗಿತ್ತು. "ಮೀಟರನ್ನು ತಿದ್ದಬಹುದು ಟೀಚರ್, ಕಾಲು ತಿಕ್ಕಿದ್ದನ್ನು ತಿದ್ದಲಿಕ್ಕಾಗುವದಿಲ್ಲ. ಮೂವತ್ತೆಂಟು ಸಾವಿರದಲ್ಲಿ ಇಷ್ಟು ಸವೆಯುವದಿಲ್ಲ," ಎಂದಳು. ಸರ್ವಿಸಿನ ಪುಸ್ತಕವನ್ನು ಕೇಳಿದರೆ, ಅದು ಎಲ್ಲಿಯೋ ಕಳೆದುಹೋಗಿದೆ ಎಂಬ ಉತ್ತರ ಬಂದಿತು. ಕೀಲಿಯನ್ನು ಒಂದು ಸುತ್ತು ತಿರುಗಿಸಿ, ಮುಂದಿನ ಫಲಕದಲ್ಲಿ ಎಚ್ಚರಿಕೆಯ ದೀಪಗಳೆಲ್ಲ ಒಮ್ಮೆ ಹತ್ತಿ, ಆಮೇಲೆ ಆರಬೇಕಾದವು ಆರುತ್ತವೆಯೇ ಎಂದು ನೋಡಿದಳು. ಏರ್‌ಬ್ಯಾಗಿನ ದೀಪವು ಹತ್ತಲೇ ಇಲ್ಲ. ಹತ್ತಿ ಆರದೆ ಉಳಿದರೆ ಒಂದು ದೋಷ. ಹತ್ತದೆಯೇ ಇದ್ದರೆ ದೋಷವನ್ನು ತೋರಿಸುವ ದೀಪವನ್ನೇ ಯಾರೋ ಕುರುಡು ಮಾಡಿರಬಹುದೆಂಬ ಸಂಶಯ. ಇದು ಹೆಚ್ಚು ಅಪಾಯವೆಂದು ನಮ್ಮಂಥವರಿಗೂ ತಿಳಿಯುವದು.

ಬಳಿಕ ಆಕೆ ಸೀಟಿನ ಬೆಲ್ಟನ್ನು ಹಿಡಿದು ಎಳೆಯತೊಡಗಿದಳು. ನಾವು ದಿನಾಲೂ ಎಳೆಯುವಷ್ಟಲ್ಲ. ಅದರ ಸುರುಳಿಯು ಮುಗಿಯುವ ತನಕ, ಕೊನೆಯ ಗೇಣಿನವರೆಗೂ ಎಳೆದಳು. ಆ ಕೊನೆಯ ಭಾಗದಲ್ಲಿ ಒಂದು ಕಂದು ಗೆರೆಯು ಕಂಡಿತು. ಅದರ ಆಚೆಗೆ ಪಟ್ಟಿಯು ಮಣ್ಣಿನ ಬಣ್ಣವಾಗಿತ್ತು. ಆಕೆ ಏನೂ ಹೇಳದೆ ಕೆಳಗಿನ ಹಾಸನ್ನು ಮೂಲೆಯಿಂದ ಎತ್ತಿ ಟಾರ್ಚು ಹಿಡಿದಳು. ಹಾಸಿನ ಅಡಿಯಲ್ಲಿ ಒಣಗಿದ ಸಣ್ಣ ಮೆಕ್ಕಲು. ಆಸನದ ಕೆಳಗಣ ಕಬ್ಬಿಣದ ಹಳಿಗಳಿಗೆ ತುಕ್ಕು. ಸ್ಟೆಪ್ನಿಯನ್ನು ಎತ್ತಿದರೆ ಅದರ ಗುಣಿಯಲ್ಲಿಯೂ ಅದೇ ಮಣ್ಣು. ಅತ್ತರಿನ ವಾಸನೆಯ ಕೆಳಗೆ ಅಡಗಿದ್ದ ಮುಗ್ಗಲು ವಾಸನೆಯು ಆಗ ನಮ್ಮ ಮೂಗಿಗೂ ಬಡಿಯಿತು. ಗಾಡಿಯು ಆಸನದ ಮಟ್ಟದವರೆಗೆ ನೀರಿನಲ್ಲಿ ನಿಂತದ್ದಾಗಿತ್ತು.

2018ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿಯೂ ಕೇರಳದಲ್ಲಿಯೂ ಆದ ಜಲಪ್ರಳಯವನ್ನು ನೀವು ಮರೆತಿರಲಾರಿರಿ. ಅಂಥಾ ಸಮಯದಲ್ಲಿ ಮುಳುಗಿದ ಗಾಡಿಗಳನ್ನು ತೊಳೆದು ಒಣಗಿಸಿ ದೂರದ ಊರುಗಳಲ್ಲಿ ಮಾರುವವರುಂಟು. ಈ ಗಾಡಿಯು ಯಾವ ನೀರಿನಲ್ಲಿ ನಿಂತಿತ್ತೋ ನಾವು ಹೇಳಲಾರೆವು. ನೋಂದಣಿಯು ಮಾತ್ರ ಹೊರರಾಜ್ಯದ್ದು. ನೀರು ಹೋದ ಮೇಲೂ ಅದರ ಕೆಲಸವು ನಿಲ್ಲುವದಿಲ್ಲವೆಂದು ಆಕೆ ವಿವರಿಸಿದಳು. ಈಗಿನ ಗಾಡಿಗಳಲ್ಲಿ ಇಂಜಿನ್ನು, ಬ್ರೇಕು, ಏರ್‌ಬ್ಯಾಗು ಇವೆಲ್ಲವುಗಳಿಗೆ ವಿದ್ಯುತ್ತಿನ ತಂತಿಗಳೂ ಸಣ್ಣ ಪೆಟ್ಟಿಗೆಗಳೂ ಇವೆ. ತಂತಿಯ ಕೂಡುಗಳಲ್ಲಿ ಹೊಕ್ಕ ನೀರು ಅಲ್ಲಿ ಕಿಲುಬನ್ನು ಹುಟ್ಟಿಸುತ್ತದೆ. ಆ ಕಿಲುಬು ತಿಂಗಳುಗಳೂ ವರುಷಗಳೂ ಕಳೆದು, ಯಾವುದೋ ಒಂದು ಮಳೆಯ ರಾತ್ರಿ, ಯಾವುದೋ ಒಂದು ಸೇತುವೆಯ ಮೇಲೆ ಗಾಡಿಯನ್ನು ನಿಲ್ಲಿಸಿಬಿಡುತ್ತದೆ. ಹಾಸಿನ ಮೇಲೆ ಹೊಟ್ಟೆ ಹಿಡಿದುಕೊಂಡು ಹೊರಳಾಡಿದ ಆ ಮಗುವಿನ ಮುಖವು ನಮ್ಮ ಕಣ್ಣ ಮುಂದೆ ಬಂದಿತು.

ಗಾಡಿಯು ಬೇಡವೆಂದು ನಾವು ಹೇಳಿದೆವು. ಮಾರುವವರ ಮೋರೆ ಕೆಂಪಾಯಿತು. "ಇಷ್ಟು ದೊಡ್ಡ ಶಾಲೆಯ ಹೆಡ್‌ಮಿಸ್ಟ್ರೆಸ್ಸರು ಒಂದು ಹುಡುಗಿಯ ಮಾತು ಕೇಳಿ ನಮ್ಮ ಮೇಲೆ ಅಪನಂಬಿಕೆ ಪಡುತ್ತೀರಾ?" ಎಂದರು. ಮುಂಗಡವನ್ನು ಹಿಂದೆ ಕೊಡಲಿಲ್ಲ. ರಸೀದಿ ಇಲ್ಲದ್ದರಿಂದ ವಾದಿಸುವದಕ್ಕೂ ಆಧಾರವಿರಲಿಲ್ಲ. ಆ ಹತ್ತು ಸಾವಿರ ರೂಪಾಯಿಗಳನ್ನು ಮುಂದಿನ ಎರಡು ತಿಂಗಳುಗಳಲ್ಲಿ ನಮ್ಮ ಸಂಬಳದಿಂದ ನಿಧಿಗೆ ಕಟ್ಟಿದೆವು. ನಿಮ್ಮ ಹಣದಲ್ಲಿ ಒಂದು ಕಾಸೂ ನಷ್ಟವಾಗಿಲ್ಲ. ಇದೇ ನಾವು ಮೊದಲು ಹೇಳಿದ, ಪುಸ್ತಕದಲ್ಲಿ ಕಾಣದ ಬಾಬು.

ಎರಡನೆಯ ಗಾಡಿಯು ಡಿಸೆಂಬರಿನಲ್ಲಿ ದೊರೆಯಿತು. ಅದು ಅಂಚೆ ಇಲಾಖೆಯಿಂದ ನಿವೃತ್ತರಾದ ಒಬ್ಬ ಹಿರಿಯರದು. 2015ರಲ್ಲಿ ಹೊಸದಾಗಿ ಕೊಂಡದ್ದು. 61,000 ಕಿಲೋಮೀಟರು ಓಡಿತ್ತು. ಬಣ್ಣವು ಬಿಸಿಲಿಗೂ ಉಪ್ಪುಗಾಳಿಗೂ ಮಾಸಿಹೋಗಿತ್ತು. ಆ ಹಿರಿಯರು ನಮ್ಮನ್ನು ಕಂಡೊಡನೆ ಗಾಡಿಯನ್ನು ಹೊಗಳಲಿಲ್ಲ. "ಟೀಚರಮ್ಮಾ, ಎಡಗಡೆಯ ಬಾಗಿಲ ಕೆಳಗೆ ತುಕ್ಕು ಹಿಡಿದಿದೆ. ಹಿಂದಿನ ಬಂಪರು ನಮ್ಮ ಮನೆಯ ಗೇಟಿಗೆ ತಾಗಿದ್ದು. ಎ.ಸಿ. ತಂಪು ಸಾಲದು," ಎಂದು ತಾವೇ ಹೇಳಿ, ಒಂಬತ್ತು ವರುಷಗಳ ಎಣ್ಣೆ, ಬ್ಯಾಟರಿ, ಟಯರುಗಳ ಖರ್ಚನ್ನೆಲ್ಲ ದಿನಾಂಕ ಸಹಿತ ಬರೆದಿಟ್ಟಿದ್ದ ಒಂದು ಸಣ್ಣ ಪುಸ್ತಕವನ್ನು ನಮ್ಮ ಕೈಗೆ ಕೊಟ್ಟರು.

ಇಂಥಾ ಮನುಷ್ಯರ ಗಾಡಿಯನ್ನು ಇನ್ನು ಪರೀಕ್ಷಿಸುವದು ಬೇಡವೆಂದು ನಮಗೆ ತೋರಿತು. ಹಾಗೆಂದು ಆಕೆಯ ಕಿವಿಯಲ್ಲಿ ಹೇಳಿದೆವು ಸಹ. ಆಕೆ ನಮ್ಮ ಮುಖವನ್ನು ಒಮ್ಮೆ ನೋಡಿ, ಚೀಲದಿಂದ ಟಾರ್ಚನ್ನು ತೆಗೆದು, "ಅಜ್ಜಾ, ನಾನೊಮ್ಮೆ ನೋಡಲೇ?" ಎಂದು ಕೇಳಿದಳು. "ನೋಡು ಮಗಳೇ, ಅದಕ್ಕೇ ಅಲ್ಲವೇ ಬಂದದ್ದು!" ಎಂದು ಅವರೇ ಬಾನೆಟ್ಟನ್ನು ಎತ್ತಿಕೊಟ್ಟರು.

ಈ ಸಾರಿ ಇಂಜಿನ್ನು ತಣ್ಣಗಿತ್ತು. ಎಣ್ಣೆಯ ಗೇಜು ಕಡ್ಡಿಯನ್ನು ಎಳೆದು ಒರಸಿ ನೋಡಿದಳು; ಎಣ್ಣೆ ಹಾಕುವ ಮುಚ್ಚಳವನ್ನು ತಿರುಗಿಸಿ ಅದರ ಒಳಬದಿಯನ್ನು ನಮಗೆ ತೋರಿಸಿದಳು. ಅಲ್ಲಿ ಮಜ್ಜಿಗೆಯ ಹಾಗೆ ಬಿಳಿ ನೊರೆ ಕಟ್ಟಿದ್ದರೆ ತಂಪಿನ ನೀರು ಎಣ್ಣೆಯೊಡನೆ ಬೆರೆಯುತ್ತಿರಬಹುದು. ಅದು ದೊಡ್ಡ ಖರ್ಚಿನ ಲಕ್ಷಣ. ಹಾಗೆ ಇರಲಿಲ್ಲ. ಗಾಡಿಯನ್ನು ಚಾಲೂ ಮಾಡಿ ಹೊಗೆಯ ಬಣ್ಣವನ್ನು ನೋಡಲು ನಮ್ಮನ್ನು ಹಿಂದೆ ನಿಲ್ಲಿಸಿದಳು. ನೀಲಿ ಹೊಗೆಯಾದರೆ ಇಂಜಿನ್ನು ಎಣ್ಣೆಯನ್ನು ಸುಡುತ್ತಿದೆ. ಕಪ್ಪಾದರೆ ಪೆಟ್ರೋಲು ಅಳತೆಗೆ ಮೀರಿ ಉರಿಯುತ್ತಿದೆ. ಬೆಳ್ಳಗಿನ ಹೊಗೆಯು ಇಂಜಿನ್ನು ಬಿಸಿಯಾದ ಮೇಲೂ ನಿಲ್ಲದೆ ಬರುತ್ತಿದ್ದರೆ ತಂಪಿನ ನೀರು ಒಳಗೆ ಸೋರುತ್ತಿದೆ. ಬೆಳಗಿನ ತಂಪಿನಲ್ಲಿ ಸ್ವಲ್ಪ ಹಬೆ ಬಂದು ನಿಂತುಹೋಗುವದು ದೋಷವಲ್ಲ. ನಾವು ಕಂಡದ್ದು ಅಷ್ಟೇ.

ಟಯರಿನ ಪಕ್ಕದಲ್ಲಿ ಒಂದು ಸಣ್ಣ ಅಂಡಾಕಾರದೊಳಗೆ ನಾಲ್ಕು ಅಂಕೆಗಳಿರುತ್ತವೆ. ಮೊದಲ ಎರಡು ವಾರವನ್ನೂ ಕೊನೆಯ ಎರಡು ವರುಷವನ್ನೂ ತಿಳಿಸುತ್ತವೆ. ಎರಡು ಟಯರುಗಳ ಮೇಲೆ 1218 ಎಂದಿತ್ತು. ಅಂದರೆ 2018ನೆಯ ಇಸವಿಯ ಹನ್ನೆರಡನೆಯ ವಾರದಲ್ಲಿ ತಯಾರಾದವು. ಗೀರುಗಳು ಕಾನೂನು ಹೇಳುವ 1.6 ಮಿಲಿಮೀಟರಿಗಿಂತ ಎಷ್ಟೋ ಆಳವಾಗಿದ್ದರೂ ರಬ್ಬರು ಗಟ್ಟಿಯಾಗಿ ಸಣ್ಣ ಬಿರುಕುಗಳು ಬಿದ್ದಿದ್ದವು. ಅವುಗಳನ್ನು ಬದಲಾಯಿಸಬೇಕೆಂದು ಬರೆದುಕೊಂಡಳು. ಸೀಟಿನ ಬೆಲ್ಟುಗಳನ್ನು ಕೊನೆಯ ತನಕ ಎಳೆದು ನೋಡುವದನ್ನೂ ಬಿಡಲಿಲ್ಲ, ಅವು ಶುದ್ಧವಾಗಿದ್ದವು.

ಕೊನೆಗೆ ಪತ್ರಿಕೆಯ ಹಾಳೆಗಳನ್ನು ನೆಲಕ್ಕೆ ಹಾಸಿ, ಸೆರಗನ್ನಲ್ಲ, ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದು, ಗಾಡಿಯ ಕೆಳಗೆ ಅಂಗಾತ ಮಲಗಿ ಒಳಗೆ ಸರಿದಳು. ಸ್ವಲ್ಪ ಹೊತ್ತು ಟಾರ್ಚಿನ ಬೆಳಕು ಮಾತ್ರ ಅತ್ತಿತ್ತ ಓಡಾಡಿತು. ಆಮೇಲೆ ಒಂದೇ ಸ್ಥಳದಲ್ಲಿ ನಿಂತಿತು. "ಅಜ್ಜಾ, ಇದನ್ನು ಈಗ ಓಡಿಸುತ್ತಿದ್ದೀರಾ?" ಎಂಬ ಪ್ರಶ್ನೆಯು ಕೆಳಗಿನಿಂದ ಬಂದಿತು. ಹಿಂದಿನ ಚಕ್ರಗಳಿಗೆ ಬ್ರೇಕಿನ ಎಣ್ಣೆಯನ್ನು ಒಯ್ಯುವ ಸಣ್ಣ ಉಕ್ಕಿನ ಕೊಳವೆಯು, ತಗಡಿಗೆ ಹಿಡಿದ ಕ್ಲಿಪ್ಪಿನ ಬಳಿಯಲ್ಲಿ, ತುಕ್ಕು ಹಿಡಿದು ಪೊರೆ ಏಳುತ್ತಿತ್ತು. ಅಲ್ಲಿ ಎಣ್ಣೆಯ ಒದ್ದೆಯು ಕಂಡಿತು. ಉಪ್ಪುಗಾಳಿಯ ನಮ್ಮ ಊರುಗಳಲ್ಲಿ ಇದು ಅಪೂರ್ವವಲ್ಲವಂತೆ. ಒಂದು ದಿನ ಬ್ರೇಕನ್ನು ಜೋರಾಗಿ ಒತ್ತಿದಾಗ ಆ ಕೊಳವೆಯು ಒಡೆದುಹೋಗಬಹುದಿತ್ತು.

ಹಿರಿಯರು ಜಗಲಿಯ ಮೇಲೆ ಕೂತುಬಿಟ್ಟರು. ಕಳೆದ ಭಾನುವಾರವಷ್ಟೇ ಮೊಮ್ಮಕ್ಕಳಿಬ್ಬರನ್ನು ಅದೇ ಗಾಡಿಯಲ್ಲಿ ಘಟ್ಟ ಹತ್ತಿಸಿ ಇಳಿಸಿದ್ದರಂತೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಬಳಿಕ ಎದ್ದು, ಗಾಡಿಯ ಕೆಳಗಿನಿಂದ ಬಂದು ಬೆನ್ನಿನ ಧೂಳನ್ನು ಕೊಡವಿಕೊಳ್ಳುತ್ತಿದ್ದ ನಮ್ಮ ಹುಡುಗಿಯ ಮುಂದೆ ಕೈಜೋಡಿಸಿ, "ನೀನು ಕೊಳ್ಳಲಿ, ಬಿಡಲಿ ಮಗಳೇ, ನನ್ನ ಮನೆಗೆ ಉಪಕಾರ ಮಾಡಿದೆ," ಎಂದರು.

ಪ್ರಿಯ ವಾಚಕರೇ, ನಾವು ಈ ಲೇಖನವನ್ನು ಬರೆಯಲು ಕೂತದ್ದು ಈ ಒಂದು ಕ್ಷಣದ ಸಲುವಾಗಿಯೇ. ಪರೀಕ್ಷಿಸಿ ನೋಡುವದೆಂದರೆ ಮನುಷ್ಯರನ್ನು ನಂಬದೆ ಇರುವದೆಂದು ನಾವು ಇಷ್ಟು ವರುಷ ತಿಳಿದಿದ್ದೆವು. ಸುಳ್ಳು ಹೇಳುವವರ ಗಾಡಿಯನ್ನು ಮಾತ್ರ ಬಗ್ಗಿ ನೋಡಬೇಕು, ಸತ್ಯವಂತರದನ್ನು ನೋಡುವದು ಅವಿನಯ ಎಂದೆಣಿಸಿದ್ದೆವು. ಆದರೆ ಸತ್ಯವಂತರು ಸಹ ತಮಗೆ ತಿಳಿದದ್ದನ್ನು ಮಾತ್ರ ಹೇಳಬಲ್ಲರು. ಗಾಡಿಯ ಕೆಳಗೆ ತುಕ್ಕು ಹಿಡಿಯುತ್ತಿರುವದು ಅವರಿಗೂ ಕಾಣುವದಿಲ್ಲ. ಪರೀಕ್ಷೆಯು ಒಬ್ಬರ ಮೋಸದಿಂದ ನಮ್ಮನ್ನು ಕಾಪಾಡಿತು. ಇನ್ನೊಬ್ಬರನ್ನು ಅವರ ಅರಿಯದಿರುವಿಕೆಯಿಂದ ಕಾಪಾಡಿತು. ಮೊದಲನೆಯವರು ಅದನ್ನು ಅವಮಾನವೆಂದರು, ಎರಡನೆಯವರು ಉಪಕಾರವೆಂದರು.

ಕೊಳವೆಗಳನ್ನು ಹಿರಿಯರು ತಮ್ಮ ಖರ್ಚಿನಿಂದಲೇ ಹೊಸದಾಗಿ ಹಾಕಿಸಿದರು. ಆಮೇಲೆ ಗಾಡಿಯನ್ನು ಓಡಿಸಿ ನೋಡಿದೆವು. ಸಮವಾದ ನಿರ್ಜನ ರಸ್ತೆಯಲ್ಲಿ ಬ್ರೇಕು ಒತ್ತಿದಾಗ ಒಂದು ಪಕ್ಕಕ್ಕೆ ಎಳೆಯುತ್ತದೆಯೇ, ಸ್ಟಿಯರಿಂಗನ್ನು ಸಡಿಲವಾಗಿ ಹಿಡಿದರೆ ನೇರವಾಗಿ ಹೋಗುತ್ತದೆಯೇ, ಹೊಂಡಗಳ ಮೇಲೆ ಹೋಗುವಾಗ ಕೆಳಗೆ ಯಾವುದಾದರೂ ಕುಟ್ಟುವ ಸದ್ದಾಗುತ್ತದೆಯೇ ಎಂದು ಕಿವಿಗೊಟ್ಟು ಕೇಳಿದೆವು. ರೇಡಿಯೋವನ್ನು ಹಾಕಬಾರದು, ಮಾತನಾಡಬಾರದು ಎಂದು ಆಕೆಯ ಆಜ್ಞೆ. ನಾವು ತರಗತಿಯ ಮಗುವಿನಂತೆ ಬಾಯಿ ಮುಚ್ಚಿ ಕೂತೆವು. ಕೇಳಿದ ಬೆಲೆ 2,50,000 ರೂಪಾಯಿ, ಟಯರು, ಎ.ಸಿ., ತುಕ್ಕು ಇವುಗಳ ಖರ್ಚನ್ನು ಆಕೆ ಚೀಟಿಯಲ್ಲಿ ಬರೆದು ತೋರಿಸಲು, 2,35,000ಕ್ಕೆ ಒಪ್ಪಂದವಾಯಿತು.

ಕಾಗದಪತ್ರಗಳ ಪರೀಕ್ಷೆಯಲ್ಲಿ ಮಾತ್ರ ನಾವು ನಾಚುವಂತಿರಲಿಲ್ಲ. ಅದು ನಮ್ಮ ವಿದ್ಯೆ. ಆರ್.ಸಿ.ಯಲ್ಲಿ ಬರೆದ ಚಾಸಿಸ್ ಸಂಖ್ಯೆಯನ್ನೂ ಇಂಜಿನ್ ಸಂಖ್ಯೆಯನ್ನೂ ಗಾಡಿಯ ಮೇಲೆ ಕೊರೆದದ್ದರೊಡನೆ ಅಕ್ಷರ ಅಕ್ಷರವಾಗಿ ಹೋಲಿಸಿದೆವು. ಸಾಲವು ಬಾಕಿ ಇಲ್ಲವೆಂಬದನ್ನು ನೋಡಿದೆವು. ಸಾಲದಿಂದ ಕೊಂಡ ಗಾಡಿಯಾದರೆ ಬ್ಯಾಂಕಿನವರು ಸಹಿಮಾಡಿದ 35ನೆಯ ನಮೂನೆಯೂ, ಹೊರರಾಜ್ಯದ್ದಾದರೆ ಆಕ್ಷೇಪಣೆ ಇಲ್ಲವೆಂಬ 28ನೆಯ ನಮೂನೆಯೂ ಬೇಕು. ಬಿಳಿಯ ಗಾಡಿಯವರು, ಆ ಕಾಗದ ಬರುತ್ತಿದೆ ಎಂದಷ್ಟೇ ಹೇಳಿದ್ದರೆಂಬದು ನಮಗೆ ಆಗ ನೆನಪಾಯಿತು. ಒಡೆತನದ ವರ್ಗಾವಣೆಗಾಗಿ 29 ಮತ್ತು 30ನೆಯ ನಮೂನೆಗಳಿಗೆ ಎರಡು ಕಡೆಯವರೂ ಸಹಿ ಮಾಡಿದೆವು. ಮಾರುವವರೂ ಇದನ್ನು ಅಲಕ್ಷ್ಯ ಮಾಡಬಾರದು. ಯಾಕಂದರೆ ನೋಂದಣಿಯಲ್ಲಿ ಯಾರ ಹೆಸರು ಉಳಿದಿದೆಯೋ ಅವರೇ ಕಾನೂನಿನ ದೃಷ್ಟಿಯಲ್ಲಿ ಒಡೆಯರು. ಗಾಡಿಯನ್ನು ಮಾರಿ ಕೈತೊಳೆದುಕೊಂಡಿದ್ದರೂ ಅಪಘಾತದ ಪರಿಹಾರದ ಹೊಣೆಯು ಅವರ ಮೇಲೆಯೇ ಬರಬಹುದೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿದೆ. ವಿಮೆಯನ್ನು ಹೊಸ ಹೆಸರಿಗೆ ಮಾಡಿಕೊಡಬೇಕೆಂದು ಹದಿನಾಲ್ಕು ದಿವಸಗಳೊಳಗೆ ಅರ್ಜಿ ಹಾಕಬೇಕೆಂಬದನ್ನೂ ನೆನಪಿನಲ್ಲಿಡಿರಿ. ಈ ಸಾರಿ ಕೊಟ್ಟ ಪ್ರತಿಯೊಂದು ರೂಪಾಯಿಗೂ ರಸೀದಿಯಿದೆ.

2025ರ ಜನವರಿಯಿಂದ ಆ ಮಾಸಿದ ಗಾಡಿಯು ಹಲಸಿನ ಮರದ ಕೆಳಗೆ ನಿಂತಿದೆ. ಬಂದ ಮೊದಲ ಮಳೆಗಾಲದಲ್ಲಿಯೇ ಮೂರು ಸಾರಿ ರಾತ್ರಿಯ ಹೊತ್ತು ಆಸ್ಪತ್ರೆಗೆ ಹೋಗಿ ಬಂದಿತು. ಒಮ್ಮೆಯೂ ದಾರಿಯಲ್ಲಿ ನಿಲ್ಲಲಿಲ್ಲ. ಎ.ಸಿ. ಈಗಲೂ ಅಷ್ಟಕ್ಕಷ್ಟೇ.

ಇನ್ನೊಂದು ಮಾತನ್ನು ಹೇಳಿ ಮುಗಿಸುತ್ತೇವೆ. ಗಾಡಿಯನ್ನು ತಂದ ಸಂಜೆ, ಕೈಗೆ ಹತ್ತಿದ ಎಣ್ಣೆಯನ್ನು ನಮ್ಮ ಮನೆಯ ಬಾವಿಕಟ್ಟೆಯಲ್ಲಿ ತೊಳೆದುಕೊಳ್ಳುತ್ತಿದ್ದ ಆಕೆಯೊಡನೆ, 2012ರಲ್ಲಿ ನಾವು ಹೇಳಿದ ಬುದ್ಧಿಯು ತಪ್ಪಾಗಿತ್ತೆಂದು ಒಪ್ಪಿಕೊಂಡೆವು. ಅವಳ ಅಂಕಗಳನ್ನು ನೋಡಿದ್ದೆವು, ಅವಳ ಮನೆಯ ಸ್ಥಿತಿಯನ್ನು ನೋಡಿದ್ದೆವು; ಅವಳು ಏನನ್ನು ಮಾಡಬಲ್ಲಳೆಂದು ಬಗ್ಗಿ ನೋಡಿರಲಿಲ್ಲ. ಆಕೆ ಸಾಬೂನಿನ ಕೈಯನ್ನು ನೀರಿನಲ್ಲಿ ಅದ್ದಿ ನಕ್ಕು, "ಪರವಾಗಿಲ್ಲ ಟೀಚರ್. ಆದರೆ ಈ ವರುಷ ಹತ್ತನೆಯ ತರಗತಿಯಲ್ಲಿ ನನ್ನ ಹಾಗೆ ಯಾರಾದರೂ ಬಂದು ಕೇಳಿದರೆ ನನ್ನ ಬಳಿಗೆ ಕಳುಹಿಸಿರಿ," ಎಂದಳು.

ಈ ವರುಷ ಇಬ್ಬರು ಕೇಳಿದ್ದಾರೆ. ಇಬ್ಬರನ್ನೂ ಕಳುಹಿಸಿದ್ದೇವೆ.

ಇತಿ ನಿಮ್ಮ ವಿಶ್ವಾಸದ,
ಮುಖ್ಯೋಪಾಧ್ಯಾಯಿನಿ